ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್: ವೆಸ್ಟ್‌ಮಿನ್‌ಸ್ಟರ್ ಕೊಟ್ಟ ಅಧಿಕಾರಕ್ಕೆ ನ್ಯಾಯಾಲಯದಲ್ಲಿ ರಕ್ಷಣೆ ಇದೆಯೇ?

ಕಾನೂನು ಓದುಗ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕೆಲವು ವಾರಗಳಿಂದ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಒಂದರ ಹಿಂದೊಂದು ಓದುತ್ತಿದ್ದೇನೆ. ಓದುತ್ತಾ ಹೋದಂತೆ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ಅದನ್ನು ಇಲ್ಲಿ ಇಡುತ್ತಿದ್ದೇನೆ, ಬಲ್ಲವರು ಉತ್ತರಿಸಬೇಕು.

1998ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಂಸತ್ತು ಮೂರು ಕಾಯ್ದೆಗಳನ್ನು ಮಾಡಿ ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಿಗೆ ಅಧಿಕಾರವನ್ನು ಹಂಚಿಕೊಟ್ಟಿತು. ಸ್ಕಾಟ್ಲೆಂಡ್ ಕಾಯ್ದೆಯ 28ನೇ ಕಲಮು ಅಲ್ಲಿನ ಸಂಸತ್ತಿಗೆ ಕಾನೂನು ಮಾಡುವ ಅಧಿಕಾರ ಕೊಡುತ್ತದೆ. ಅದೇ ಕಲಮಿನ 7ನೇ ಉಪಕಲಮು, ಇದರಿಂದ ಸ್ಕಾಟ್ಲೆಂಡಿಗಾಗಿ ಕಾನೂನು ಮಾಡುವ ವೆಸ್ಟ್‌ಮಿನ್‌ಸ್ಟರ್‌ನ ಅಧಿಕಾರಕ್ಕೆ ಯಾವ ಬಾಧೆಯೂ ಇಲ್ಲ ಎನ್ನುತ್ತದೆ. 2016ರಲ್ಲಿ 8ನೇ ಉಪಕಲಮು ಸೇರಿತು: ಹಂಚಿಕೊಟ್ಟ ವಿಷಯಗಳಲ್ಲಿ ಸ್ಕಾಟ್ಲೆಂಡ್ ಸಂಸತ್ತಿನ ಒಪ್ಪಿಗೆಯಿಲ್ಲದೆ ವೆಸ್ಟ್‌ಮಿನ್‌ಸ್ಟರ್ ‘ಸಾಮಾನ್ಯವಾಗಿ’ ಕಾನೂನು ಮಾಡುವುದಿಲ್ಲ ಎಂಬುದನ್ನು ಗುರುತಿಸಲಾಗಿದೆ. ಇದೇ ಸೀವೆಲ್ ಸಂಪ್ರದಾಯ. ಒಪ್ಪಂದದಂತೆ ಕಾಣುವ ಈ ಮಾತು ಕಾಯ್ದೆಯೊಳಗೇ ಬಂದಿತಲ್ಲ ಎಂದು ಓದುವವನಿಗೆ ಸಮಾಧಾನವಾಗುತ್ತದೆ. ಆದರೆ 2017ರ ಜನವರಿ 24ರಂದು ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವ ಬಗೆಗಿನ ಮಿಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇದು ರಾಜಕೀಯ ಸಂಯಮವೇ ಹೊರತು ನ್ಯಾಯಾಲಯ ಜಾರಿ ಮಾಡಬಹುದಾದ ನಿಯಮವಲ್ಲ ಎಂದು ತೀರ್ಮಾನಿಸಿತು. ಇಂತಹ ಸಂಪ್ರದಾಯಗಳಿಗೆ ನ್ಯಾಯಾಧೀಶರು ಹೆತ್ತವರೂ ಅಲ್ಲ, ಪೋಷಕರೂ ಅಲ್ಲ, ಬರಿಯ ನೋಡುಗರು ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ.

ಕಾಯ್ದೆಯಲ್ಲಿ ಅಚ್ಚಾದ ಮಾತನ್ನೂ ನ್ಯಾಯಾಲಯ ಕಾಯುವುದಿಲ್ಲ ಎಂದಾದರೆ, ಈ ಸರ್ಕಾರಗಳ ಅಧಿಕಾರಕ್ಕೆ ಕಾನೂನಿನ ರಕ್ಷಣೆ ಎಲ್ಲಿದೆ? ಅವು ನ್ಯಾಯಾಲಯದ ಮೆಟ್ಟಿಲು ಹತ್ತುವುದರಿಂದ ಪ್ರಯೋಜನ ಏನು?

ನೇರನುಡಿ

ರಕ್ಷಣೆ ಇಲ್ಲ. ಒಂದೇ ಸಾಲಿನ ಉತ್ತರ ಇದು, ನಿಮ್ಮ ಪ್ರಶ್ನೆಯಲ್ಲೇ ಅಡಗಿದೆ.

ಹಿರಿಯ ವಕೀಲ

ನೇರನುಡಿಯವರೇ, ಅಷ್ಟು ಅವಸರದ ತೀರ್ಮಾನ ಬೇಡ. ರಕ್ಷಣೆ ಯಾರ ವಿರುದ್ಧ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ವೆಸ್ಟ್‌ಮಿನ್‌ಸ್ಟರ್ ವಿರುದ್ಧ ಎಂದಾದರೆ ನಿಮ್ಮ ಮಾತಿನಲ್ಲಿ ಹುರುಳಿದೆ. ಆದರೆ ಈ ವ್ಯಾಜ್ಯಗಳಲ್ಲಿ ಹಲವನ್ನು ಹೂಡಿದ್ದು ಲಂಡನ್ ಸರ್ಕಾರವಲ್ಲ, ಕಂಪನಿಗಳು ಮತ್ತು ಸಂಘಸಂಸ್ಥೆಗಳು. 2011ರ ಆಕ್ಸಾ ಪ್ರಕರಣವನ್ನು ನೋಡಿ. ಕಲ್ನಾರಿನ ಧೂಳು ಸೇವಿಸಿದ ಕಾರ್ಮಿಕರ ಶ್ವಾಸಕೋಶದ ಪೊರೆ ದಪ್ಪವಾಗುವ ಸ್ಥಿತಿಗೆ ಪರಿಹಾರ ಸಿಗದು ಎಂದು, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಲಾರ್ಡ್ಸ್ ಸಭೆ 2007ರಲ್ಲಿ ತೀರ್ಪು ಕೊಟ್ಟಿತ್ತು. ಪರಿಹಾರ ಸಿಗುವಂತೆ ಸ್ಕಾಟ್ಲೆಂಡ್ ಸಂಸತ್ತು 2009ರಲ್ಲಿ ಕಾಯ್ದೆ ಮಾಡಿತು. ಹಣ ತೆರಬೇಕಾದ ವಿಮಾ ಕಂಪನಿಗಳು ಆ ಕಾಯ್ದೆಯೇ ವಿವೇಕಹೀನ ಎಂದು ದಾವೆ ಹೂಡಿದವು. ಜನರು ಆರಿಸಿದ ಶಾಸನಸಭೆಯ ಕಾಯ್ದೆಯನ್ನು ಒಬ್ಬ ಅಧಿಕಾರಿಯ ಆದೇಶದಂತೆ ಅವಿವೇಕದ ಆಧಾರದ ಮೇಲೆ ತೂಗಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಸ್ಕಾಟ್ಲೆಂಡ್ ಕಾಯ್ದೆಯಲ್ಲಿ ಬರೆದಿರುವ ಮಿತಿಗಳನ್ನು ದಾಟಿದೆಯೇ ಎಂಬುದೇ ಅಲ್ಲಿ ಮುಖ್ಯ ಪರೀಕ್ಷೆ. ಕಾನೂನಿನ ಆಳ್ವಿಕೆಯನ್ನೇ ಬುಡಮೇಲು ಮಾಡುವಂತಹ ಅಪರೂಪದ ಸಂದರ್ಭಕ್ಕೆ ಮಾತ್ರ ನ್ಯಾಯಾಲಯ ಬಾಗಿಲು ತೆರೆದಿಟ್ಟುಕೊಂಡಿತು. ಹಂಚಿಕೊಟ್ಟ ಅಧಿಕಾರವನ್ನು ಇಷ್ಟು ಗೌರವದಿಂದ ಕಂಡ ತೀರ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ‘ರಕ್ಷಣೆ ಇಲ್ಲ’ ಎನ್ನುವುದು ನ್ಯಾಯವಲ್ಲ.

ಕ್ಲೈಡ್ ತೀರ

ವಕೀಲರ ಮಾತಿಗೆ ನನ್ನ ಕಣ್ಣೆದುರಿನ ಸಾಕ್ಷಿ ಸೇರಿಸುತ್ತೇನೆ. ನಾನು 2015ರಿಂದ ಗ್ಲಾಸ್ಗೋದಲ್ಲಿ ವಾಸವಾಗಿದ್ದೇನೆ. 2018ರ ಮೇ 1ರಂದು ಮದ್ಯದ ಕನಿಷ್ಠ ಬೆಲೆ ಜಾರಿಗೆ ಬಂದಾಗ ಮನೆಯ ಪಕ್ಕದ ಅಂಗಡಿಯಲ್ಲಿ ಬೆಲೆಚೀಟಿಗಳನ್ನು ಬದಲಿಸುತ್ತಿದ್ದುದನ್ನು ನೋಡಿದ್ದೇನೆ. ಮದ್ಯಸಾರದ ಒಂದು ಯೂನಿಟ್‌ಗೆ 50 ಪೆನ್ಸ್‌ಗಿಂತ ಕಡಿಮೆಗೆ ಮಾರುವಂತಿಲ್ಲ ಎಂಬುದು ನಿಯಮ. ಶೇಕಡಾ 40ರ 700 ಮಿಲಿಲೀಟರ್ ವಿಸ್ಕಿಯಲ್ಲಿ 28 ಯೂನಿಟ್ ಇರುತ್ತದೆ, ಆದ್ದರಿಂದ 14 ಪೌಂಡ್‌ಗಿಂತ ಕೆಳಗಿಳಿಯುವಂತಿಲ್ಲ. ವಿಸ್ಕಿಗೆ ಇದು ದೊಡ್ಡ ವಿಷಯವಾಗಿರಲಿಲ್ಲ. ನಿಜವಾದ ಪೆಟ್ಟು ಬಿದ್ದದ್ದು ಕೆಳಗಿನ ಸಾಲಿನಲ್ಲಿ ನಿಂತಿರುತ್ತಿದ್ದ ಮೂರು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಸೈಡರ್ ಎಂಬ ಸೇಬಿನ ಮದ್ಯಕ್ಕೆ. ಶೇಕಡಾ 7.5ರ ಸೈಡರ್ ಎಂದರೆ 22.5 ಯೂನಿಟ್, ಅಂದರೆ ಕನಿಷ್ಠ 11 ಪೌಂಡ್ 25 ಪೆನ್ಸ್. ಅದಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತಿದ್ದ ಆ ಬಾಟಲಿಗಳು ಕೆಲವೇ ವಾರಗಳಲ್ಲಿ ಆ ಅಂಗಡಿಯಿಂದ ಮಾಯವಾದವು. 2024ರ ಸೆಪ್ಟೆಂಬರ್ 30ರಿಂದ ದರ 65 ಪೆನ್ಸ್‌ಗೆ ಏರಿದೆ. ಅದೇ ವಿಸ್ಕಿ ಈಗ 18 ಪೌಂಡ್ 20 ಪೆನ್ಸ್‌ಗಿಂತ ಕಡಿಮೆಗೆ ಸಿಗದು.

ಈ ಕಾಯ್ದೆ ಅಂಗೀಕಾರವಾದದ್ದು 2012ರಲ್ಲಿ, ಜಾರಿಯಾದದ್ದು 2018ರಲ್ಲಿ. ನಡುವಿನ ಆರು ವರ್ಷಗಳನ್ನು ಸ್ಕಾಚ್ ವಿಸ್ಕಿ ಸಂಘ ಹೂಡಿದ ದಾವೆ ನುಂಗಿತು. ಎಡಿನ್‌ಬರೋದಲ್ಲಿರುವ ಸ್ಕಾಟ್ಲೆಂಡಿನ ಉನ್ನತ ಸಿವಿಲ್ ನ್ಯಾಯಾಲಯ ಕೋರ್ಟ್ ಆಫ್ ಸೆಷನ್, ಅಲ್ಲಿಂದ ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯ, ಮತ್ತೆ ಎಡಿನ್‌ಬರೋ, ಕೊನೆಗೆ 2017ರ ನವೆಂಬರ್‌ನಲ್ಲಿ ಲಂಡನ್ನಿನ ಸುಪ್ರೀಂ ಕೋರ್ಟ್. ಸ್ಕಾಟ್ಲೆಂಡ್ ಸರ್ಕಾರ ಗೆದ್ದಿತು ನಿಜ. ಆದರೆ ಗೆದ್ದವರೂ ಆರು ವರ್ಷ ಕಾಯಬೇಕಾಯಿತು ಎಂಬುದನ್ನು ಮರೆಯಬಾರದು.

ತಿಳಿನೀರು

ಮೇಡಂ, ಬೆಲೆ ಏರಿಸಿದ್ದರಿಂದ ಕುಡಿತ ಕಡಿಮೆಯಾಯಿತೇ?

ಕ್ಲೈಡ್ ತೀರ

ಅದು ಆರೋಗ್ಯ ನೀತಿಯ ಪ್ರಶ್ನೆ, ಅದರ ಬಗ್ಗೆ ಅಲ್ಲಿ ಇನ್ನೂ ವಾದ ನಡೆಯುತ್ತಲೇ ಇದೆ. ಇಲ್ಲಿ ಚರ್ಚೆ ಅಧಿಕಾರದ ಬಗ್ಗೆ ಆದ್ದರಿಂದ ಬೇರೆ ಎಳೆಯಲ್ಲಿ ಮಾತಾಡೋಣ.

ನೇರನುಡಿ

ವಕೀಲರೇ, ನೀವು ಕೊಟ್ಟ ಉದಾಹರಣೆಯೂ ಮೇಡಂ ಕೊಟ್ಟ ಉದಾಹರಣೆಯೂ ನನ್ನ ಮಾತನ್ನು ಅಲ್ಲಗಳೆಯುವುದಿಲ್ಲ. ಕಂಪನಿಗಳ ವಿರುದ್ಧ ಗೆಲ್ಲುವುದು ಒಂದು, ಗೆರೆ ಎಳೆದವನ ವಿರುದ್ಧ ಗೆಲ್ಲುವುದು ಇನ್ನೊಂದು. 2018ರಲ್ಲಿ ಏನಾಯಿತೆಂದು ದಿನಾಂಕ ಸಹಿತ ಹೇಳುತ್ತೇನೆ, ಓದಿ ನೀವೇ ತೀರ್ಮಾನಿಸಿ.

ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವಾಗ, ತನ್ನ ವ್ಯಾಪ್ತಿಯ ಐರೋಪ್ಯ ಕಾನೂನುಗಳನ್ನು ತಾನೇ ಉಳಿಸಿಕೊಳ್ಳಲು ಸ್ಕಾಟ್ಲೆಂಡ್ ಸಂಸತ್ತು ಒಂದು ಮಸೂದೆ ತಂದಿತು. ಕಾನೂನು ಮುಂದುವರಿಕೆಯ ಮಸೂದೆ ಎಂದೇ ಕರೆಯೋಣ. ಅದು ಅಂಗೀಕಾರವಾದದ್ದು ಮಾರ್ಚ್ 21ರಂದು. ಏಪ್ರಿಲ್‌ನಲ್ಲಿ ಲಂಡನ್ ಸರ್ಕಾರದ ಕಾನೂನು ಅಧಿಕಾರಿಗಳು ಸ್ಕಾಟ್ಲೆಂಡ್ ಕಾಯ್ದೆಯ 33ನೇ ಕಲಮಿನ ಪ್ರಕಾರ ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಪ್ರಕರಣ ಅಲ್ಲಿರುವಾಗಲೇ, ಮೇ 15ರಂದು ವೆಸ್ಟ್‌ಮಿನ್‌ಸ್ಟರ್‌ನ ನಿರ್ಗಮನ ಮಸೂದೆಗೆ ಸ್ಕಾಟ್ಲೆಂಡ್ ಸಂಸತ್ತು ಒಪ್ಪಿಗೆ ನಿರಾಕರಿಸಿತು. ಆದರೂ ಜೂನ್ 26ರಂದು ಅದಕ್ಕೆ ರಾಜಸಮ್ಮತಿ ಬಿದ್ದಿತು, ಮತ್ತು ಅದೇ ಕಾಯ್ದೆ ತನ್ನನ್ನೇ ಸ್ಕಾಟ್ಲೆಂಡ್ ಸಂಸತ್ತು ಮುಟ್ಟಬಾರದ ಕಾನೂನುಗಳ ಪಟ್ಟಿಗೆ ಸೇರಿಸಿಕೊಂಡಿತು. ವಿಚಾರಣೆ ನಡೆದದ್ದು ಜುಲೈನಲ್ಲಿ. ಡಿಸೆಂಬರ್ 13ರ ತೀರ್ಪಿನ ತಾತ್ಪರ್ಯ ಇಷ್ಟು: ಅಂಗೀಕರಿಸಿದ ದಿನ ಮಸೂದೆ ಬಹುಪಾಲು ಅಧಿಕಾರದ ಒಳಗೇ ಇತ್ತು, ಆದರೆ ನಡುವೆ ಬಂದ ಕಾಯ್ದೆಯಿಂದಾಗಿ ಅದರ ಅನೇಕ ಭಾಗಗಳು ಈಗ ಅಧಿಕಾರದ ಹೊರಗಿವೆ.

ದಾವೆ ನ್ಯಾಯಾಲಯದಲ್ಲಿರುವಾಗ ಎದುರು ಪಕ್ಷದವನು ಹೊಲದ ಬದುವನ್ನೇ ಕಿತ್ತು ಈಚೆಗೆ ಹಾಕಿದರೆ, ಅಳತೆಗೆ ಬಂದವರು ಹೊಸ ಬದುವನ್ನೇ ಅಳೆದು ಹೋದರು. ಅಳತೆ ತಪ್ಪಿಲ್ಲ ಎಂದು ನಾನೂ ಒಪ್ಪುತ್ತೇನೆ. ಬದು ಸರಿಸಿದ್ದನ್ನು ಯಾರೂ ಕೇಳಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಗಡಿರೇಖೆ

ಈ ಬದುವಿನ ಮಾತು ನನಗೆ ಬಹಳ ಹಿಡಿಸಿತು. ಇಡೀ ಚರ್ಚೆಯ ಗಂಟು ಇಲ್ಲಿದೆ. ಎಷ್ಟು ಅಧಿಕಾರವಿದೆ ಎನ್ನುವುದಕ್ಕಿಂತ, ಅದರ ಗೆರೆಯನ್ನು ಯಾರು, ಯಾವಾಗ ಸರಿಸಬಹುದು ಎನ್ನುವುದೇ ದೊಡ್ಡದು.

ವೇಲ್ಸಿನ ಕಡೆಯನ್ನೂ ಹೇಳಬೇಕು. ವೇಲ್ಸ್ ಶಾಸನಸಭೆ ಅದೇ ವಸಂತದಲ್ಲಿ ಅಂಥದ್ದೇ ಮಸೂದೆ ಮಾಡಿತ್ತು, ಅದನ್ನೂ ಸುಪ್ರೀಂ ಕೋರ್ಟಿಗೆ ಒಯ್ಯಲಾಗಿತ್ತು. ಆದರೆ ವೇಲ್ಸ್ ಸರ್ಕಾರ ಲಂಡನ್ ಜೊತೆ ಮಾತುಕತೆ ನಡೆಸಿ ಒಪ್ಪಂದ ಮಾಡಿಕೊಂಡಿತು, ಪ್ರಕರಣ ಹಿಂದೆ ಸರಿಯಿತು, ಕಾಯ್ದೆ ಆಮೇಲೆ ರದ್ದಾಯಿತು. ಒಂದೇ ಸಂಕಟಕ್ಕೆ ಎರಡು ದಾರಿ. ಯಾವುದು ಹೆಚ್ಚು ಗಳಿಸಿತು ಎಂದು ಇಂದಿಗೂ ಖಚಿತವಾಗಿ ಹೇಳುವುದು ಕಷ್ಟ ಎಂದೇ ನನ್ನ ಅಭಿಪ್ರಾಯ.

ಕಾನೂನು ಓದುಗ

ನೇರನುಡಿಯವರಿಗೆ ಧನ್ಯವಾದಗಳು. ಈ ದಿನಾಂಕಗಳ ಕ್ರಮ ನನಗೆ ಸ್ಪಷ್ಟವಾಗಿರಲಿಲ್ಲ. ಗಡಿರೇಖೆಯವರೇ, ವೇಲ್ಸ್ ಗೆದ್ದ ಪ್ರಕರಣಗಳೂ ಇವೆಯಲ್ಲವೇ?

ಗಡಿರೇಖೆ

ಇವೆ, ಅವು ಸ್ವಾರಸ್ಯಕರವೂ ಹೌದು. ಇಂಗ್ಲೆಂಡ್ ಮತ್ತು ವೇಲ್ಸ್ ಎರಡಕ್ಕೂ ಕೃಷಿ ಕಾರ್ಮಿಕರ ಕೂಲಿ ನಿಗದಿ ಮಾಡುವ ಒಂದು ಮಂಡಳಿ ಇತ್ತು. ಲಂಡನ್ ಸರ್ಕಾರ ಅದನ್ನು 2013ರಲ್ಲಿ ರದ್ದು ಮಾಡಿತು. ನಮ್ಮಲ್ಲಿ ಆ ವ್ಯವಸ್ಥೆ ಉಳಿಯಬೇಕು ಎಂದು ವೇಲ್ಸ್ ಮಸೂದೆ ಮಾಡಿತು. ಅದು ಕೃಷಿಯ ಮಸೂದೆ ಅಲ್ಲ, ಉದ್ಯೋಗ ಸಂಬಂಧದ ಮಸೂದೆ, ಆದ್ದರಿಂದ ನಿಮ್ಮ ಅಧಿಕಾರದ ಹೊರಗಿದೆ ಎಂದು ಲಂಡನ್ ಸರ್ಕಾರದ ಅಟಾರ್ನಿ ಜನರಲ್ ವಾದಿಸಿದರು.

ಆ ಕಾಲದಲ್ಲಿ ವೇಲ್ಸಿಗೆ ಇದ್ದುದು ‘ಕೊಟ್ಟಿರುವ ವಿಷಯಗಳ’ ಪಟ್ಟಿ. ಪಟ್ಟಿಯಲ್ಲಿ ಕೃಷಿ ಇತ್ತು. ಉದ್ಯೋಗ ಕಾನೂನನ್ನು ಕೊಟ್ಟಿದ್ದೇವೆ ಎಂದೂ ಇರಲಿಲ್ಲ, ಕೊಟ್ಟಿಲ್ಲ ಎಂದೂ ಇರಲಿಲ್ಲ. ಮಸೂದೆ ನಿಜವಾಗಿಯೂ ಕೃಷಿಗೆ ಸಂಬಂಧಿಸಿದ್ದರೆ ಸಾಕು, ಪಟ್ಟಿ ಏನನ್ನೂ ಹೇಳದ ಇನ್ನೊಂದು ವಿಷಯಕ್ಕೂ ಅದು ತಾಗುತ್ತದೆ ಎಂಬ ಕಾರಣಕ್ಕೆ ಬೀಳುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾನೂನಿನ ಮೌನ ಶಾಸನಸಭೆಯ ಪರವಾಗಿ ಮಾತಾಡಿತು ಎನ್ನಬಹುದು.

ಆದರೆ ಮುಂದೆ ಏನಾಯಿತು? 2017ರ ವೇಲ್ಸ್ ಕಾಯ್ದೆ ಇಡೀ ಚೌಕಟ್ಟನ್ನೇ ತಿರುಗಿಸಿತು. ಸ್ಕಾಟ್ಲೆಂಡಿನಂತೆ ವೇಲ್ಸಿಗೂ ‘ಕಾಯ್ದಿರಿಸಿದ ವಿಷಯಗಳ’ ಪಟ್ಟಿ ಬಂದಿತು. ಆ ಪಟ್ಟಿಯಲ್ಲಿ ಇಲ್ಲದ್ದೆಲ್ಲ ವೇಲ್ಸಿನದು. ಕೇಳಲು ಉದಾರವಾಗಿದೆ. ಆದರೆ ಉದ್ಯೋಗ ಸಂಬಂಧಗಳು ಈಗ ಆ ಕಾಯ್ದಿರಿಸಿದ ಪಟ್ಟಿಯಲ್ಲಿ ಹೆಸರು ಸಹಿತ ಕುಳಿತಿವೆ. ಮೌನವಿದ್ದ ಕಡೆ ಮಾತು ತುಂಬಲಾಯಿತು.

ನೇರನುಡಿ

ಮತ್ತೆ ಬದು ಸರಿಯಿತು.

ಅಕ್ಷರಪ್ರೇಮಿ

ಒಂದು ವಿನಂತಿ. ‘ಡೆವಲ್ಯೂಷನ್’ ಎಂಬುದಕ್ಕೆ ಇಲ್ಲಿ ಕೆಲವರು ಹಂಚಿಕೆ ಎನ್ನುತ್ತಿದ್ದಾರೆ, ಪತ್ರಿಕೆಗಳಲ್ಲಿ ವಿಕೇಂದ್ರೀಕರಣ ಎಂದು ಬರುತ್ತದೆ. ಎರಡೂ ಒಂದೇ ಅಲ್ಲ ಎಂದು ನನ್ನ ಭಾವನೆ. ಹಂಚಿಕೆ ಎಂದರೆ ಪಾಲುದಾರರು ಸಮಾನರು ಎಂಬ ಧ್ವನಿ ಬರುತ್ತದೆ.

ಹಿರಿಯ ವಕೀಲ

ಅಕ್ಷರಪ್ರೇಮಿಯವರು ಎತ್ತಿದ್ದು ಬರಿಯ ಪದದ ವಿಷಯವಲ್ಲ. ನಮ್ಮ ರಾಜ್ಯಗಳಿಗೆ ಶಾಸನಾಧಿಕಾರ ಬರುವುದು ಸಂವಿಧಾನದ 246ನೇ ವಿಧಿಯಿಂದ. ಸಂಸತ್ತಿನ ಸಾಧಾರಣ ಕಾಯ್ದೆಯೊಂದು ಅದನ್ನು ಕಿತ್ತುಕೊಳ್ಳಲಾಗದು. ಅಲ್ಲಿ ನಿಜವಾಗಿಯೂ ಪಾಲು ಹಂಚಿಕೆಯಾಗಿದೆ. ಸ್ಕಾಟ್ಲೆಂಡಿಗೆ ಅಧಿಕಾರ ಬರುವುದು ವೆಸ್ಟ್‌ಮಿನ್‌ಸ್ಟರ್‌ನ ಒಂದು ಕಾಯ್ದೆಯಿಂದ, ಕೊಟ್ಟ ಸಂಸತ್ತು ತನ್ನ ಅಧಿಕಾರವನ್ನು ಪೂರ್ತಿಯಾಗಿ ಇಟ್ಟುಕೊಂಡೇ ಕೊಟ್ಟಿದೆ. ‘ವಹಿಸಿಕೊಡುವುದು’ ಎನ್ನುವುದು ಹೆಚ್ಚು ಸರಿ ಎನಿಸುತ್ತದೆ.

ಹೋಲಿಕೆಗೆ ಹತ್ತಿರವಾದದ್ದು ನಮ್ಮ ದೆಹಲಿ. ಅಧಿಕಾರಿಗಳ ಮೇಲಿನ ನಿಯಂತ್ರಣ, ಕೆಲವು ವಿಷಯಗಳನ್ನು ಬಿಟ್ಟು, ಚುನಾಯಿತ ಸರ್ಕಾರದ್ದು ಎಂದು 2023ರ ಮೇ 11ರಂದು ಸಂವಿಧಾನ ಪೀಠ ಹೇಳಿತು. ಮೇ 19ರಂದು ಅದನ್ನು ತಿರುಗಿಸುವ ಕೇಂದ್ರ ಸರ್ಕಾರದ ಸುಗ್ರೀವಾಜ್ಞೆ ಬಂದಿತು. ಎಂಟೇ ದಿನ.

ತಿಳಿನೀರು

ಒಂದು ಸಂದೇಹ. ಕಾನೂನಿನಲ್ಲಿ ಲಿಂಗ ಬದಲಾವಣೆಯನ್ನು ಸುಲಭ ಮಾಡುವ ಸ್ಕಾಟ್ಲೆಂಡಿನ ಲಿಂಗತ್ವ ಗುರುತಿಸುವಿಕೆಯ ಮಸೂದೆಯನ್ನೂ ಸುಪ್ರೀಂ ಕೋರ್ಟೇ ಅಧಿಕಾರದ ಹೊರಗೆ ಎಂದು ತಳ್ಳಿಹಾಕಿತಲ್ಲವೇ?

ಕ್ಲೈಡ್ ತೀರ

ಇಲ್ಲ. ಇಲ್ಲಿಯೂ ಈ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆ ಮಸೂದೆ 2022ರ ಡಿಸೆಂಬರ್ 22ರಂದು 86–39 ಮತಗಳಿಂದ ಅಂಗೀಕಾರವಾಯಿತು. ಅದು ಅಧಿಕಾರದ ಹೊರಗಿದೆ ಎಂದು ಅದನ್ನು ಸುಪ್ರೀಂ ಕೋರ್ಟಿಗೆ ಒಯ್ಯಲೇ ಇಲ್ಲ. ಬದಲಿಗೆ 2023ರ ಜನವರಿ 17ರಂದು ಸ್ಕಾಟ್ಲೆಂಡ್ ವ್ಯವಹಾರಗಳ ಸಚಿವ ಅಲಿಸ್ಟರ್ ಜ್ಯಾಕ್ 35ನೇ ಕಲಮಿನ ಆದೇಶ ಹೊರಡಿಸಿದರು. 33ನೇ ಕಲಮು ನ್ಯಾಯಾಲಯದ ದಾರಿ, 35ನೇ ಕಲಮು ಸಚಿವರ ದಾರಿ. ಮಸೂದೆ ಅಧಿಕಾರದ ಒಳಗೇ ಇದ್ದರೂ, ಕಾಯ್ದಿರಿಸಿದ ವಿಷಯಕ್ಕೆ ಸಂಬಂಧಿಸಿದ ಕಾನೂನನ್ನು ಅದು ಮಾರ್ಪಡಿಸುತ್ತದೆ ಮತ್ತು ಆ ಕಾನೂನಿನ ನಡೆಗೆ ತೊಂದರೆ ತರುತ್ತದೆ ಎಂದು ನಂಬಲು ಸಮಂಜಸ ಆಧಾರವಿದ್ದರೆ ಸಚಿವರು ರಾಜಸಮ್ಮತಿಗೆ ಹೋಗುವುದನ್ನೇ ತಡೆಯಬಹುದು. ಇಲ್ಲಿ ತೊಂದರೆಗೊಳಗಾಗುತ್ತದೆ ಎಂದು ಹೇಳಿದ್ದು 2010ರ ಸಮಾನತೆ ಕಾಯ್ದೆ. 1998ರಿಂದ ಕಾಯ್ದೆಯಲ್ಲಿದ್ದ ಈ ಅಧಿಕಾರವನ್ನು ಮೊದಲ ಬಾರಿಗೆ ಬಳಸಿದ್ದು ಅಂದೇ.

ಸ್ಕಾಟ್ಲೆಂಡ್ ಸರ್ಕಾರ ಕೋರ್ಟ್ ಆಫ್ ಸೆಷನ್‌ಗೆ ಹೋಯಿತು. 2023ರ ಡಿಸೆಂಬರ್ 8ರಂದು ನ್ಯಾಯಾಧೀಶೆ ಲೇಡಿ ಹಾಲ್ಡೇನ್ ಅರ್ಜಿಯನ್ನು ವಜಾ ಮಾಡಿದರು. ಮಸೂದೆಯ ನೀತಿ ಸರಿಯೋ ತಪ್ಪೋ ಎಂಬುದು ಅವರ ಮುಂದಿದ್ದ ಪ್ರಶ್ನೆಯಲ್ಲ. ಸಚಿವರ ಬಳಿ ಕಾನೂನು ಕೇಳುವಷ್ಟು ಆಧಾರ ಇತ್ತೇ ಎಂಬುದು ಮಾತ್ರ. ಸರ್ಕಾರ ಮೇಲ್ಮನವಿ ಹೋಗಲಿಲ್ಲ. ಈ ಪ್ರಕರಣ ಸುಪ್ರೀಂ ಕೋರ್ಟನ್ನು ಮುಟ್ಟಲೇ ಇಲ್ಲ.

ಆ ವಾರಗಳಲ್ಲಿ ನಾನು ಕೆಲಸ ಮಾಡುವ ಕಡೆ ಮಸೂದೆಯ ಪರ ಇದ್ದವರೂ ಇದ್ದರು, ವಿರುದ್ಧ ಇದ್ದವರೂ ಇದ್ದರು. ಮಸೂದೆಯನ್ನು ಕಟುವಾಗಿ ವಿರೋಧಿಸುತ್ತಿದ್ದ ಸಹೋದ್ಯೋಗಿಯೊಬ್ಬರು ಊಟದ ಬಿಡುವಿನಲ್ಲಿ ಆದೇಶದ ಸುದ್ದಿ ಓದಿ, ತಮಗೆ ಬೇಕಾದದ್ದೇ ಆಗಿದೆ, ಆದರೆ ಆದ ಬಗೆ ಬೇಡವಾಗಿತ್ತು ಎಂದು ಹೇಳಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ನನಗೆ ಆ ಮಾತು ಇಂದಿಗೂ ನೆನಪಿದೆ.

ತಿಳಿನೀರು

ತಿದ್ದಿದ್ದಕ್ಕೆ ಕೃತಜ್ಞತೆಗಳು ಮೇಡಂ. ನಾನು ಎರಡನ್ನೂ ಒಂದೇ ಎಂದುಕೊಂಡಿದ್ದೆ.

ಹಾಲುಗಲ್ಲು

ತಡವಾಗಿ ಬಂದಿದ್ದೇನೆ, ಕ್ಷಮಿಸಿ. ಎಲ್ಲರೂ 1998ರಿಂದ ಶುರು ಮಾಡುತ್ತಿದ್ದೀರಿ. ಉತ್ತರ ಐರ್ಲೆಂಡಿಗೆ 1921ರಿಂದಲೇ ತನ್ನ ಸಂಸತ್ತು ಇತ್ತು, 1972ರಲ್ಲಿ ಅದನ್ನು ಅಮಾನತಿನಲ್ಲಿಡುವವರೆಗೆ ಅದು ಕಾನೂನು ಮಾಡಿತು. ಆ ಕಾಲದ ಒಂದು ಹಾಲಿನ ಪ್ರಕರಣ ನಮ್ಮ ಕಾನೂನು ವಿದ್ಯಾರ್ಥಿಗಳಿಗೂ ಪರೋಕ್ಷವಾಗಿ ಪರಿಚಿತ.

ಗಡಿಯಾಚೆಯ ಡೊನೆಗಲ್‌ನ ರೈತರೊಬ್ಬರು ಗಡಿ ದಾಟಿ ಲಂಡನ್‌ಡೆರಿಯಲ್ಲಿ ಹಾಲು ಮಾರುತ್ತಿದ್ದರು. ಹಾಲು ಮಾರಲು ಪರವಾನಗಿ ಬೇಕು ಎಂದು 1934ರಲ್ಲಿ ಉತ್ತರ ಐರ್ಲೆಂಡ್ ಕಾಯ್ದೆ ಮಾಡಿತು. ಪರವಾನಗಿ ಇಲ್ಲದ ಅವರಿಗೆ ದಂಡ ಬಿದ್ದಿತು. 1920ರ ಕಾಯ್ದೆಯ ಪ್ರಕಾರ ಹೊರನಾಡಿನೊಂದಿಗಿನ ವ್ಯಾಪಾರದ ಬಗ್ಗೆ ಕಾನೂನು ಮಾಡುವ ಅಧಿಕಾರ ಆ ಸಂಸತ್ತಿಗೆ ಇರಲಿಲ್ಲ, ಆದ್ದರಿಂದ ಈ ಕಾಯ್ದೆ ನನಗೆ ಅನ್ವಯಿಸದು ಎಂಬುದು ರೈತರ ವಾದ. 1937ರಲ್ಲಿ ಲಾರ್ಡ್ ಆಟ್ಕಿನ್ ಅದನ್ನು ಒಪ್ಪಲಿಲ್ಲ. ಕಾಯ್ದೆಯ ಸಾರ ಮತ್ತು ತಿರುಳು ಏನೆಂದು ನೋಡಬೇಕು. ಇದು ಜನರ ಆರೋಗ್ಯಕ್ಕಾಗಿ ಹಾಲಿನ ಶುದ್ಧತೆಯನ್ನು ಕಾಯುವ ಕಾಯ್ದೆ, ಗಡಿ ವ್ಯಾಪಾರಕ್ಕೆ ತಾಗುವುದು ಪ್ರಾಸಂಗಿಕ ಎಂದರು. ನಮ್ಮಲ್ಲಿ ರಾಜ್ಯಪಟ್ಟಿ, ಕೇಂದ್ರಪಟ್ಟಿಗಳ ಜಗಳ ಬಂದಾಗಲೆಲ್ಲ ವಕೀಲರು ಹೇಳುವ ‘ಪಿತ್ ಆಂಡ್ ಸಬ್‌ಸ್ಟನ್ಸ್’ ಸೂತ್ರ ಇದೇ. ಒಂದು ಕ್ಯಾನು ಹಾಲಿನ ಹಿಂದೆ ಎಷ್ಟು ದೊಡ್ಡ ಪ್ರಶ್ನೆ ಇತ್ತು ನೋಡಿ.

ಉತ್ತರ ಐರ್ಲೆಂಡಿನ 1998ರ ಶಾಂತಿ ಒಪ್ಪಂದವಾದ ಬೆಲ್‌ಫಾಸ್ಟ್ ಒಪ್ಪಂದದ ನಂತರದ ರಾಬಿನ್ಸನ್ ಪ್ರಕರಣವನ್ನೂ ಓದಿ. ಪ್ರಥಮ ಸಚಿವ ಮತ್ತು ಉಪ ಪ್ರಥಮ ಸಚಿವರನ್ನು ಆರು ವಾರಗಳೊಳಗೆ ಆರಿಸಬೇಕು ಎಂದು 1998ರ ಉತ್ತರ ಐರ್ಲೆಂಡ್ ಕಾಯ್ದೆಯಲ್ಲಿತ್ತು. 2001ರಲ್ಲಿ ಆಯ್ಕೆ ನಡೆದದ್ದು ಗಡುವು ಮುಗಿದ ಮೇಲೆ. ಆಯ್ಕೆ ಅಸಿಂಧು ಎಂಬ ವಾದವನ್ನು 2002ರಲ್ಲಿ ಲಾರ್ಡ್ಸ್ ಸಭೆ 3–2ರ ಬಹುಮತದಿಂದ ತಳ್ಳಿಹಾಕಿತು. ಆ ಕಾಯ್ದೆ ಸಂವಿಧಾನದಂತಿದೆ, ಅದನ್ನು ಉದಾರವಾಗಿ ಓದಬೇಕು ಎಂಬ ದೃಷ್ಟಿ ಅಲ್ಲಿತ್ತು. ಶಾಂತಿಯೇ ಆಗ ಪಣದಲ್ಲಿತ್ತು.

ಹಿರಿಯ ವಕೀಲ

ರಾಬಿನ್ಸನ್ ಪ್ರಕರಣವನ್ನು ನೆನಪಿಸಿದ್ದು ಬಹಳ ಒಳ್ಳೆಯದಾಯಿತು. ಆದರೆ ಆಮೇಲಿನ ತೀರ್ಪುಗಳು ಅದರ ಉದಾರತೆಯಿಂದ ದೂರ ಸರಿದಿವೆ. ಸ್ಕಾಟ್ಲೆಂಡ್ ಕಾಯ್ದೆಯನ್ನು ಬೇರಾವುದೇ ಕಾಯ್ದೆಯಂತೆ, ಬಳಸಿದ ಪದಗಳ ಸಾಮಾನ್ಯ ಅರ್ಥದಲ್ಲಿ ಓದಬೇಕು ಎಂದು 2012ರ ತಂಬಾಕು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂಗಡಿಗಳಲ್ಲಿ ಸಿಗರೇಟನ್ನು ಕಾಣುವಂತೆ ಜೋಡಿಸಬಾರದು ಎಂಬ ಸ್ಕಾಟ್ಲೆಂಡಿನ ನಿಷೇಧ ಅಲ್ಲಿ ಉಳಿಯಿತಾದರೂ, ಓದುವ ಬಗೆ ಗಟ್ಟಿಯಾಯಿತು.

ಬೆಳಗಿನ ಪಾಠ

ನಾನು ಶಿಕ್ಷಕಿ. ನನಗೆ ಇವೆಲ್ಲಕ್ಕಿಂತ ನೋವು ತಂದದ್ದು ಮಕ್ಕಳ ಹಕ್ಕುಗಳ ಮಸೂದೆಯ ಕಥೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಸ್ಕಾಟ್ಲೆಂಡಿನ ಕಾನೂನಾಗಿಸುವ ಮಸೂದೆ 2021ರ ಮಾರ್ಚ್‌ನಲ್ಲಿ ಒಂದೇ ಒಂದು ವಿರೋಧವಿಲ್ಲದೆ ಅಂಗೀಕಾರವಾಯಿತು. ಲಂಡನ್ ಸರ್ಕಾರ ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ಅಕ್ಟೋಬರ್ 6ರಂದು ಅದರ ಕೆಲವು ಭಾಗಗಳು ಅಧಿಕಾರದ ಹೊರಗೆ ಎಂದು ತೀರ್ಪು ಬಂದಿತು. ತಿದ್ದಿದ ಮಸೂದೆ ಅಂಗೀಕಾರವಾಗಲು 2023ರ ಡಿಸೆಂಬರ್ ಬಂದಿತು, ಜಾರಿಯಾಗಲು 2024ರ ಜುಲೈ 16. ಅಂಗೀಕಾರದ ವರ್ಷ ಹನ್ನೊಂದನೆಯ ತರಗತಿಗೆ ಸಮನಾದ ವಯಸ್ಸಿನಲ್ಲಿದ್ದ ಮಗು ಅಷ್ಟರಲ್ಲಿ ಕಾನೂನಿನ ಕಣ್ಣಿನಲ್ಲಿ ಮಗುವಾಗಿಯೇ ಉಳಿದಿರುವುದಿಲ್ಲ. ಇದಕ್ಕೆ ಯಾರು ಹೊಣೆ?

ನೇರನುಡಿ

ಮೇಡಂ, ಲಂಡನ್ ಸರ್ಕಾರವೇ ಹೊಣೆ. ಮಕ್ಕಳ ಹಕ್ಕಿಗೂ ಅಡ್ಡ ಬಂದರು.

ಹಿರಿಯ ವಕೀಲ

ಈ ಒಂದು ಪ್ರಕರಣದಲ್ಲಿ ನಾನು ಹಾಗೆ ಹೇಳಲಾರೆ. ಮಸೂದೆಯ 6ನೇ ಕಲಮು, ಯಾವ ಸಾರ್ವಜನಿಕ ಪ್ರಾಧಿಕಾರವೂ ಒಡಂಬಡಿಕೆಗೆ ವಿರುದ್ಧವಾಗಿ ನಡೆಯಬಾರದು ಎಂದು ಮಿತಿಯಿಲ್ಲದೆ ಹೇಳಿತ್ತು. ಓದಿದರೆ ಅದು ವೆಸ್ಟ್‌ಮಿನ್‌ಸ್ಟರ್ ಕಾಯ್ದೆಗಳ ಅಡಿಯಲ್ಲಿ ನಡೆಯುವ ಕೆಲಸಕ್ಕೂ ತಗಲುತ್ತಿತ್ತು. ಅಧಿಕಾರಕ್ಕೆ ಮೀರಿದ್ದನ್ನು ನ್ಯಾಯಾಲಯಗಳು ಮುಂದೆ ತಾವೇ ಕುಗ್ಗಿಸಿ ಓದಿಕೊಳ್ಳಲಿ ಎಂಬುದು ಸ್ಕಾಟ್ಲೆಂಡ್ ಸರ್ಕಾರದ ವಾದ. ಕಾನೂನು ಓದಿದ ಸಾಮಾನ್ಯ ಮನುಷ್ಯನಿಗೆ ತನ್ನ ಹಕ್ಕು ಎಲ್ಲಿಯವರೆಗೆ ಎಂದು ತಿಳಿಯಬೇಕಲ್ಲವೇ? ಐವರು ನ್ಯಾಯಾಧೀಶರೂ ಒಮ್ಮತದಿಂದ ಅದನ್ನು ಒಪ್ಪಲಿಲ್ಲ. ಗೆರೆ ಎಲ್ಲಿದೆ ಎಂದು ಗೊತ್ತಿದ್ದೂ ಗೆರೆಯ ಮೇಲೆ ಕರಡು ಬರೆದವರಿಗೂ ಆ ಮೂರು ವರ್ಷಗಳಲ್ಲಿ ಪಾಲಿದೆ. ನೋವಿನಿಂದಲೇ ಹೇಳುತ್ತಿದ್ದೇನೆ.

ಬೆಳಗಿನ ಪಾಠ

ಒಪ್ಪುತ್ತೇನೆ ಸರ್. ಆದರೆ ತೀರ್ಪು ಬಂದ ಮೇಲೆ ಆರು ತಿಂಗಳಲ್ಲಿ ತಿದ್ದಬಹುದಿತ್ತು, ಎರಡು ವರ್ಷ ಬೇಕಿರಲಿಲ್ಲ.

ಗಡಿರೇಖೆ

ಸ್ವಾತಂತ್ರ್ಯದ ಜನಮತಗಣನೆಯ ಪ್ರಕರಣವನ್ನು ಯಾರೂ ಎತ್ತಿಲ್ಲ, ನಾನೇ ಸಂಕ್ಷೇಪವಾಗಿ ಎತ್ತುತ್ತೇನೆ. 2014ರ ಜನಮತಗಣನೆ ನಡೆದದ್ದು ಸ್ಕಾಟ್ಲೆಂಡ್ ಕಾಯ್ದೆಯ 30ನೇ ಕಲಮಿನ ಆದೇಶದ ಮೂಲಕ ಲಂಡನ್ ತಾತ್ಕಾಲಿಕವಾಗಿ ಅಧಿಕಾರ ಕೊಟ್ಟದ್ದರಿಂದ. ಎರಡನೆಯ ಬಾರಿ ಕೊಡಲಿಲ್ಲ. ಆಗ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯ ಕಾನೂನು ಅಧಿಕಾರಿ, ಲಾರ್ಡ್ ಅಡ್ವೊಕೇಟ್ ಡೊರೊತಿ ಬೇನ್ ತಾವೇ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದರು: ಕೇವಲ ಸಲಹಾರೂಪದ ಜನಮತಗಣನೆ, ಕಾಯ್ದಿರಿಸಿದ ವಿಷಯವಾದ ಸ್ಕಾಟ್ಲೆಂಡ್–ಇಂಗ್ಲೆಂಡ್ ಒಕ್ಕೂಟಕ್ಕೆ ‘ಸಂಬಂಧಿಸಿದ್ದು’ ಆಗುತ್ತದೆಯೇ? ಆಗುತ್ತದೆ ಎಂದು 2022ರ ನವೆಂಬರ್ 23ರಂದು ಒಮ್ಮತದ ಉತ್ತರ ಬಂದಿತು. ಫಲಿತಾಂಶ ಕಾನೂನಾಗಿ ಯಾರನ್ನೂ ಬಂಧಿಸದಿದ್ದರೂ ಅದಕ್ಕೆ ರಾಜಕೀಯ ಅಧಿಕೃತತೆ ಇರುತ್ತದೆ, ಅದನ್ನು ಕಡೆಗಣಿಸಲಾಗದು ಎಂದರು.

ನನಗೆ ಇಲ್ಲಿ ಒಂದು ತೊಡಕು ಕಾಣುತ್ತದೆ. ಜನಮತಗಣನೆಯ ರಾಜಕೀಯ ಪರಿಣಾಮವನ್ನು ನ್ಯಾಯಾಲಯ ತೂಗಿ ನೋಡಿತು. ಸೀವೆಲ್ ಸಂಪ್ರದಾಯ ಬಂದಾಗ ಅದು ರಾಜಕೀಯ, ನಮ್ಮದಲ್ಲ ಎಂದಿತು. ಹಾಲಿರೂಡ್‌ನ, ಅಂದರೆ ಸ್ಕಾಟ್ಲೆಂಡ್ ಸಂಸತ್ತಿನ, ಮಸೂದೆಯ ಮೇಲೆ ರಾಜಕೀಯ ಭಾರವಾಗಿ ಎಣಿಕೆಯಾಗುತ್ತದೆ, ಅದರ ರಕ್ಷಣೆಗೆ ಬಂದಾಗ ಎಣಿಕೆಗೆ ಬರುವುದಿಲ್ಲ.

ಹಿರಿಯ ವಕೀಲ

ಎರಡಕ್ಕೂ ಕಾಯ್ದೆಯ ಪದಗಳೇ ಕಾರಣ. ಪರಿಣಾಮವನ್ನು ಸಹ ಗಮನಿಸಿ ಉದ್ದೇಶವನ್ನು ನೋಡಿ ಎಂದು 29ನೇ ಕಲಮೇ ಹೇಳುತ್ತದೆ. 28(8) ‘ಸಾಮಾನ್ಯವಾಗಿ’ ಎನ್ನುತ್ತದೆ. ಯಾವುದು ಸಾಮಾನ್ಯ, ಯಾವುದು ಅಸಾಮಾನ್ಯ ಎಂದು ನ್ಯಾಯಾಧೀಶರು ನಿರ್ಧರಿಸಲು ಅದರಲ್ಲಿ ಅಳತೆಗೋಲಿಲ್ಲ. ಆದರೆ ನಿಮ್ಮ ಮಾತಿನ ನೋವು ನನಗೂ ತಟ್ಟಿತು. ಈ ವಿಷಯದಲ್ಲಿ ನೇರನುಡಿಯವರಿಗೆ ನಾನು ಆರಂಭದಲ್ಲಿ ಕೊಟ್ಟ ಉತ್ತರವನ್ನು ತಿದ್ದಿಕೊಳ್ಳುತ್ತೇನೆ: ಗೆರೆಯೊಳಗೆ ರಕ್ಷಣೆ ಇದೆ, ಗೆರೆಗೇ ರಕ್ಷಣೆ ಇಲ್ಲ.

ನೇರನುಡಿ

ಇದನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ, ವಕೀಲರೇ. ಮೊದಲ ಉತ್ತರ ಒರಟಾಗಿದ್ದರೆ ಮನ್ನಿಸಿ.

ಕ್ಲೈಡ್ ತೀರ

ಒಂದು ಸೇರ್ಪಡೆ. ಗೆರೆಯನ್ನು ಸರಿಸದೆಯೇ ಗೆರೆಯೊಳಗಿನ ನೆಲವನ್ನು ನಿಸ್ಸಾರ ಮಾಡುವ ದಾರಿಯೂ ಇದೆ. 2020ರ ಆಂತರಿಕ ಮಾರುಕಟ್ಟೆ ಕಾಯ್ದೆಯ ಪ್ರಕಾರ, ಬ್ರಿಟನ್ನಿನ ಒಂದು ಭಾಗದಲ್ಲಿ ಕಾನೂನುಬದ್ಧವಾಗಿ ಮಾರಬಹುದಾದ ಸರಕನ್ನು, ವಿನಾಯಿತಿ ಸಿಗದ ಹೊರತು, ಇನ್ನೊಂದು ಭಾಗದಲ್ಲೂ ಮಾರಬಹುದು. ಖಾಲಿ ಬಾಟಲಿ ಹಿಂದಿರುಗಿಸಿದರೆ ಠೇವಣಿ ಮರಳಿಸುವ ಸ್ಕಾಟ್ಲೆಂಡಿನ ಯೋಜನೆಗೆ 2023ರಲ್ಲಿ ವಿನಾಯಿತಿ ಸಿಕ್ಕಿತು, ಆದರೆ ಗಾಜನ್ನು ಬಿಟ್ಟು. ಗಾಜಿಲ್ಲದೆ ಯೋಜನೆ ಅಲ್ಲಿಗೇ ನಿಂತಿತು. ಇದೇ ಕಾಯ್ದೆಯನ್ನು ಪ್ರಶ್ನಿಸಿ ವೇಲ್ಸ್ ಸರ್ಕಾರ ನ್ಯಾಯಾಲಯಕ್ಕೆ ಹೋದಾಗ, ನಿರ್ದಿಷ್ಟ ಮಸೂದೆಯೊಂದು ಎದುರಿಗಿಲ್ಲದೆ ಈ ಪ್ರಶ್ನೆ ಅಕಾಲಿಕ ಎಂದು 2022ರಲ್ಲಿ ಮೇಲ್ಮನವಿ ನ್ಯಾಯಾಲಯ ವಾಪಸು ಕಳಿಸಿತು.

ಕಾನೂನು ಓದುಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾನು ಈ ಪ್ರಶ್ನೆ ಕೇಳಿದ್ದಕ್ಕೆ ಕಾರಣವನ್ನು ಈಗ ಹೇಳುತ್ತೇನೆ. ಮುಂದಿನ ತಿಂಗಳು ನಮ್ಮ ವಿದ್ಯಾರ್ಥಿಗಳಿಗೆ ಅಣಕು ನ್ಯಾಯಾಲಯ ಸ್ಪರ್ಧೆ ಇದೆ, ಸಮಸ್ಯೆಯನ್ನು ಸಿದ್ಧಪಡಿಸುವ ಹೊಣೆ ನನ್ನದು. ಸೀವೆಲ್ ಸಂಪ್ರದಾಯದ ಮೇಲೆ ಬರೆಯಬೇಕು ಎಂದುಕೊಂಡಿದ್ದೆ, ಈಗ ಮನಸ್ಸು ಬದಲಾಗಿದೆ. ಕಾನೂನು ಮುಂದುವರಿಕೆಯ ಮಸೂದೆಯನ್ನೇ ಕೊಡುತ್ತೇನೆ. ಒಂದು ಸುತ್ತಿನಲ್ಲಿ ವಿಚಾರಣೆಯ ದಿನ 2018ರ ಜೂನ್ 25, ಇನ್ನೊಂದು ಸುತ್ತಿನಲ್ಲಿ ಜೂನ್ 27. ಮಸೂದೆ ಅದೇ, ವಕೀಲರೂ ಅವರೇ. ಎರಡು ದಿನಗಳ ಅಂತರದಲ್ಲಿ ತಮ್ಮ ವಾದ ಏನಾಯಿತು ಎಂದು ಅವರೇ ಕಂಡುಕೊಳ್ಳಲಿ.

ಗಡಿರೇಖೆ

ಬಹಳ ಒಳ್ಳೆಯ ಯೋಚನೆ. ಆದರೆ ಆ ಮಸೂದೆಯ 17ನೇ ಕಲಮನ್ನು ಸಮಸ್ಯೆಯಲ್ಲಿ ಇಡುವುದಾದರೆ ಎಚ್ಚರವಿರಲಿ. ವೆಸ್ಟ್‌ಮಿನ್‌ಸ್ಟರ್ ಸಚಿವರ ಕೆಲವು ನಿಯಮಗಳಿಗೆ ಸ್ಕಾಟ್ಲೆಂಡ್ ಸಚಿವರ ಒಪ್ಪಿಗೆ ಬೇಕು ಎಂದಿದ್ದ ಆ ಒಂದು ಕಲಮು ಮಾರ್ಚ್ 21ರಂದೇ ಅಧಿಕಾರದ ಹೊರಗಿತ್ತು ಎಂದು ತೀರ್ಪಿನಲ್ಲಿದೆ. ಅದರ ಮಟ್ಟಿಗೆ 25ಕ್ಕೂ 27ಕ್ಕೂ ವ್ಯತ್ಯಾಸವಿಲ್ಲ.

ಕಾನೂನು ಓದುಗ

ಅದನ್ನೂ ಇಡುತ್ತೇನೆ. ಯಾವ ತಂಡ ಗಮನಿಸುತ್ತದೆ ನೋಡೋಣ.